ಕುದುರೆಯ ಐಬು

ಸಹೋದರಿಯರೇ, ಬಾದಾಮಿಯ ರೈಲ್ವೆ ನಿಲ್ದಾಣದಲ್ಲಿ ಇಳಿದು ಟಾಂಗಾದಲ್ಲಿ ಊರಿಗೆ ಹೋದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರ್. ನನ್ನ ಮಾವ ಪ್ರಾಯದಲ್ಲಿ ಆ ದಾರಿಯಲ್ಲಿ ಟಾಂಗಾ ಹೊಡೆದವರು. ಆಟೋಗಳು ಹೆಚ್ಚಾದ ಮೇಲೆ ಕೆರೂರಿಗೆ ಮರಳಿ ಹೊಲದ ಮನೆ ಹಿಡಿದರು. ಟಾಂಗಾ ಬಿಟ್ಟರೂ ಕುದುರೆ ಬಿಡಲಿಲ್ಲ. ಮೇವು, ನೀರಿನ ಕೊಡ, ಶಾಲೆಗೆ ಹೋಗುವ ಮಕ್ಕಳು, ಎಲ್ಲವೂ ಕುದುರೆ ಗಾಡಿಯಲ್ಲೇ.

2023ರ ಮಳೆಗಾಲದಲ್ಲಿ ನಮ್ಮ ಮುದಿ ಕುದುರೆ ಸತ್ತಿತು. ಮಾವನಿಗೆ ಆಗ ಜ್ವರ. ನನ್ನ ಪತಿ ಒಬ್ಬರೇ ಹೋಗಿ ದಲ್ಲಾಳಿಯೊಬ್ಬನಿಂದ ಎತ್ತರದ ಕೆಂದು ಬಣ್ಣದ ಕುದುರೆ ತಂದರು. "ಕುರಿಮರಿ ಇದ್ದಂಗ ಐತ್ರಿ" ಎಂದು ಅವನು ಹೇಳಿದ್ದನಂತೆ. ನೋಡಲು ಹಾಗೆಯೇ ಇತ್ತು; ತಲೆ ಬಗ್ಗಿಸಿ ನಿಂತಿತ್ತು. ಅದನ್ನು ಮೊದಲೇ ಓಡಿಸಿ ಓಡಿಸಿ ದಣಿಸಿ ತಂದಿದ್ದರೆಂದು ನಮಗೆ ನಾಲ್ಕು ದಿನ ಹೊಟ್ಟೆ ತುಂಬಾ ಹುರುಳಿ ತಿಂದ ಮೇಲೆ ತಿಳಿಯಿತು. ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿಯ ಅಂಚಿನಲ್ಲಿ ಲಾರಿಯೊಂದು ಹಾರ್ನ್ ಹೊಡೆದದ್ದೇ ತಡ, ಗಾಡಿ ಸಮೇತ ತಗ್ಗಿಗೆ ಹಾರಿತು. ನನ್ನ ಕಿರಿಯ ಮಗಳ ಬಲಗೈ ಮುರಿಯಿತು. ಇನ್ನೂ ದೊಡ್ಡದೇನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಐಬು ಮುಚ್ಚಿಟ್ಟು ಮಾರಿದ ವಸ್ತುವನ್ನು ಮರಳಿಸುವ ಹಕ್ಕು ಕೊಂಡವನಿಗಿದೆ. ಫಿಕ್ಹ್‌ನಲ್ಲಿ ಅದಕ್ಕೆ 'ಖಿಯಾರುಲ್ ಐಬ್' ಎನ್ನುತ್ತಾರೆ. ಮದ್ರಸಾದಲ್ಲಿ ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಆದರೆ ಮರಳಿಸಲು ದಲ್ಲಾಳಿ ಸಿಗಬೇಕಲ್ಲ! ಅವನ ಫೋನ್ ಬಂದ್.

ಹಾಗಾದರೆ ನಾವೇ ಮಾರಬೇಕು. ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಪತಿ, "ಹಿಂದಿನ ದಿನ ಚೆನ್ನಾಗಿ ದಣಿಸಿ ಒಯ್ಯೋಣ. ಖರೇ ಹೇಳಿದ್ರ ಯಾರು ತಗೋತಾರ?" ಎಂದರು. ಯಾರೂ ಮಾತಾಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಸುಮ್ಮನಿದ್ದೆ. ಮಗಳ ಚಿಕಿತ್ಸೆಗೆ ಸಾಲ ಮಾಡಿದ್ದೆವು, ಕೈಯಲ್ಲಿ ಹಣವಿರಲಿಲ್ಲ.

ಮರುದಿನ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಬಂದದ್ದು ಯಾವ ಹದೀಸ್ ಗೊತ್ತೇ? ಪ್ರವಾದಿ(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ್ದು, ಒಳಗೆ ತೇವ ತಗಲಿದ್ದು, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ್ದು. ಸಹೀಹ್ ಮುಸ್ಲಿಮ್‌ನಲ್ಲಿದೆ. ಒಬ್ಬ ಹುಡುಗಿ, "ಆಪಾ, ನಿಮ್ಮ ಕುದುರೆ ಮಾರ್ತೀರಂತಲ್ಲ?" ಎಂದಳು. ಪಾಪ, ಅವಳು ಬೇರೇನೂ ಯೋಚಿಸದೆ ಕೇಳಿದ್ದು. ನನಗೆ ಮುಂದೆ ಪಾಠ ಸಾಗಲಿಲ್ಲ.

ಮನೆಗೆ ಬಂದು ಹೇಳಿದೆ. ಪತಿಗೆ ಸಿಟ್ಟು ಬಂತು. "ಹದೀಸ್ ನನಗೂ ಗೊತ್ತು, ಸಾಲ ಯಾರು ತೀರಿಸ್ತಾರ?" ಎಂದರು. ಅವರ ಮಾತಿನಲ್ಲೂ ಸತ್ಯವಿತ್ತು. ಕೊನೆಗೆ ಮಾವನೇ ಎದ್ದರು. ಕೊಳ್ಳಲು ಬಂದವನಿಗೆ, "ಲಾರಿ ಕಂಡ್ರ ಓಡ್ತೈತಿ, ನನ್ನ ಮೊಮ್ಮಗಳ ಕೈ ಮುರದೈತಿ" ಎಂದು ತಾವೇ ಹೇಳಿದರು. ಒಬ್ಬ ಎದ್ದು ಹೋದ. ಇನ್ನೊಬ್ಬ ಹೋದ. ಮೂರನೆಯವನು ಕುದುರೆ ಪಳಗಿಸಿ ಗೊತ್ತಿದ್ದವನು, ಹೆದ್ದಾರಿಯಿಂದ ದೂರದ ಹಳ್ಳಿಯವನು. ತಿಳಿದೇ ಕೊಂಡ. ನಮಗೆ 12,000 ರೂಪಾಯಿ ನಷ್ಟ.

ಮುಂದಿನ ಕುದುರೆಯನ್ನು ಮಾವ ಅವಸರದಿಂದ ಹುಡುಕಲಿಲ್ಲ. ಸುಗ್ಗಿ ಮುಗಿದ ಮೇಲೆ ಕುರಿಗಾರರು ನಮ್ಮ ಹೊಲದಲ್ಲಿ ಹಿಂಡು ತರುಬಿದರು. ಗೊಬ್ಬರಕ್ಕಾಗಿ ನಮ್ಮ ಕಡೆ ಹಾಗೆ ಕುರಿ ನಿಲ್ಲಿಸುವುದು ವಾಡಿಕೆ. ಪ್ರತಿಯಾಗಿ ಕಾಳು ಅಥವಾ ಹಣ ಕೊಡುತ್ತೇವೆ. ಅವರ ಪಾತ್ರೆ, ಕಂಬಳಿ, ನಡೆಯಲಾರದ ಎಳೆಮರಿಗಳನ್ನು ಹೊರುವುದು ಗಿಡ್ಡ ಕುದುರೆಗಳು. ಅದರಲ್ಲಿ ಒಂದು ಬೂದು ಹೆಣ್ಣು ಕುದುರೆಯನ್ನು ಮಾವ ಮೂರು ದಿನ ನೋಡಿದರು. (ವ್ಯಾಪಾರದಲ್ಲಿ ಷರತ್ತಿನ ಅವಧಿ ಹೆಚ್ಚೆಂದರೆ ಮೂರು ದಿನ ಎಂದು ಇಮಾಮ್ ಅಬೂ ಹನೀಫಾ(ರ) ಹೇಳಿದ್ದಾರೆ. ಮಾವನಿಗೆ ಅದು ಗೊತ್ತಿರಲಿಲ್ಲ, ಹಿಂಡು ಇದ್ದದ್ದೇ ಮೂರು ದಿನ.) ನಾಯಿಗಳು ಅದರ ಹೊಟ್ಟೆಯ ಕೆಳಗೆ ನುಗ್ಗುತ್ತಿದ್ದವು, ಅದು ಕಾಲೆತ್ತಲಿಲ್ಲ. ಮೇವು ತಿನ್ನುವಾಗ ಹತ್ತಿರ ಹೋದರೆ ಕಿವಿ ಹಿಂದಕ್ಕೆ ಮಲಗಿಸಲಿಲ್ಲ. ನಾಲ್ಕೂ ಗೊರಸು ಎತ್ತಿಸಿಕೊಂಡಿತು. ಹಲ್ಲು ನೋಡಿದರು, ಐದು ವರ್ಷಕ್ಕೆ ಹಾಲುಹಲ್ಲು ಪೂರ್ತಿ ಹೋಗುತ್ತವೆ, ಇದು ಅದನ್ನು ದಾಟಿತ್ತು. ಮುಂಜಾನೆ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತೂ ನೋಡಬೇಕು, ದಣಿದಾಗ ಎಲ್ಲಾ ಕುದುರೆ ಸಾಧುವೇ ಎಂದರು.

ಬೆಲೆ ಮಾತಾಡುವ ಮೊದಲೇ ಕುರಿಗಾರ ಹೇಳಿದ: "ಅಜ್ಜಾರ, ಒಂದು ಐಬು ಐತ್ರಿ. ಇದು ನೀರಿಗೆ ಇಳಿಯೂದಿಲ್ಲ. ಎಷ್ಟು ಹೊಡದ್ರೂ ಇಳಿಯೂದಿಲ್ಲ." ಯಾರೂ ಕೇಳಿರಲಿಲ್ಲ. ನನ್ನ ಪತಿ ಮಾವನ ಮುಖ ನೋಡಿದರು. ಆಮೇಲೆ ಚೌಕಾಸಿ ಮಾಡಲಿಲ್ಲ.

ಹೊರೆ ಹೊತ್ತು ಗೊತ್ತಿದ್ದರೂ ಗಾಡಿ ಎಳೆದು ಗೊತ್ತಿರಲಿಲ್ಲ. ಮೊದಲು ಮರದ ತುಂಡು ಎಳೆಸಿ, ಆಮೇಲೆ ಖಾಲಿ ಗಾಡಿ ಕಟ್ಟಿ, ಒಂದೂವರೆ ತಿಂಗಳು ಕಲಿಸಿದರು. ಮಗಳು ಮಾತ್ರ ಬಾಗಿಲು ದಾಟುತ್ತಿರಲಿಲ್ಲ. ಕುದುರೆಗೆ ಬಾಲದ ನೇರ ಹಿಂದೆ ಮತ್ತು ಮೂಗಿನ ನೇರ ಮುಂದೆ ಕಾಣುವುದಿಲ್ಲ, ಅದಕ್ಕೇ ಬೆಚ್ಚುತ್ತದೆ, ಹೆಗಲ ಬದಿಯಿಂದ ಮಾತಾಡುತ್ತಾ ಹೋಗಬೇಕು ಎಂದು ಅಜ್ಜ ಹೇಳಿಕೊಟ್ಟರು. ಒಂದು ಸಂಜೆ ಅವಳು ಮುರಿದಿದ್ದ ಅದೇ ಕೈಯಲ್ಲಿ ನೆನೆಸಿದ ಹುರುಳಿ ಹಿಡಿದು ಹೋದಳು. ನಾನು ಅಡುಗೆಮನೆಯ ಕಿಟಕಿಯಿಂದ ದುಆ ಮಾಡುತ್ತಾ ನಿಂತಿದ್ದೆ. ಕುದುರೆ ತುಟಿಯಿಂದಷ್ಟೇ ಕಾಳು ಹೆಕ್ಕಿ ತಿಂದಿತು.

ಈಗ ಮಳೆಗಾಲದಲ್ಲಿ ಹಳ್ಳಕ್ಕೆ ನೀರು ಬಂದರೆ ಅದು ನಿಂತುಬಿಡುತ್ತದೆ. ನಾವು ಸುತ್ತು ಹಾಕಿ ಸೇತುವೆಯ ದಾರಿಯಲ್ಲಿ ಹೋಗುತ್ತೇವೆ. ಮಕ್ಕಳು ಶಾಲೆಗೆ ಸ್ವಲ್ಪ ಬೇಗ ಹೊರಡಬೇಕು, ಅಷ್ಟೇ.