ಟ್ಯೂಬಿಂಗೆನ್ನಿನಲ್ಲಿ ಅವ್ವನ ಕೌದಿ

ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಬೆಳೆದವನಿಗೆ ಪರಸ್ಥಳದಲ್ಲಿ ತಂಗುವುದೆಂದರೆ ಬೀಗರ ಮನೆಯಲ್ಲಿ ಇಳಿದುಕೊಳ್ಳುವುದು. ಹೊಸ್ತಿಲಲ್ಲಿ ಕಾಲಿಗೆ ನೀರು, ಒಳಗೆ ಬಿಸಿ ರೊಟ್ಟಿ, 'ಯಾವಾಗ ಬಂದಿ?' ಎಂಬ ಪ್ರಶ್ನೆ. ಹಣ ತೆತ್ತು ಅತಿಥಿಯಾಗುವ ವಿದ್ಯೆಯನ್ನು ನಾನು ಕಲಿತದ್ದು ಕಳೆದ ದಸರೆಯ ರಜೆಯಲ್ಲಿ, ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ.

ಕನ್ನಡ ಕಲಿಸುವವನಿಗೆ ಆ ಊರು ಒಂದು ಯಾತ್ರಾಸ್ಥಳವೇ ಸರಿ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲ್ಲರು ಕಣ್ಮುಚ್ಚಿದ್ದು ಅಲ್ಲಿಯೇ, 1903ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1477ರಲ್ಲಿ ಸ್ಥಾಪಿತವಾದ ಆ ಊರಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ನೆಕ್ಕರ್ ನದಿಗೆ ಸಮೀಪದ ಒಂದು ಸಣ್ಣ ಹೋಟೆಲಿನಲ್ಲಿ ನನಗೆ ಕೋಣೆ ದೊರೆಯಿತು. ಅಲ್ಲಿಯ ಕಿಟಕಿಯೇ ನನ್ನ ಮೊದಲ ಪಾಠ. ಹಿಡಿಕೆಯನ್ನು ಅಡ್ಡ ತಿರುಗಿಸಿದರೆ ಅದು ಬಾಗಿಲಿನಂತೆ ತೆರೆಯುತ್ತಿತ್ತು. ಮೇಲಕ್ಕೆ ತಿರುಗಿಸಿದರೆ ತಲೆಯ ಭಾಗ ಮಾತ್ರ ಒಳಕ್ಕೆ ವಾಲುತ್ತಿತ್ತು. ಸ್ನಾನದ ಮನೆಯಲ್ಲಿ ಬಕೆಟ್ಟೂ ಇಲ್ಲ, ತಂಬಿಗೆಯೂ ಇಲ್ಲ. ಅಕ್ಟೋಬರ್ ತಿಂಗಳಾದ್ದರಿಂದ ಬೆಳಗಿನ 7 ಗಂಟೆಗೂ ಕತ್ತಲೆ. ಆ ಕತ್ತಲೆಯಲ್ಲೇ ಕೆಳಗಿಳಿದು, ಮಾಂಸದ ತೆಳು ಹಾಳೆಗಳ ತಟ್ಟೆಯನ್ನು ದಾಟಿ, ಗಟ್ಟಿ ಸಿಪ್ಪೆಯ ಬನ್ನಿಗೆ ಬೆಣ್ಣೆ ಸವರಿ, ಊರಿನಿಂದ ತಂದ ಶೇಂಗಾ ಚಟ್ನಿಪುಡಿಯನ್ನು ಗುಟ್ಟಾಗಿ ಉದುರಿಸಿಕೊಳ್ಳುತ್ತಿದ್ದೆ. ರವಿವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆಂಬುದು ನನಗೆ ತಿಳಿದದ್ದು ರವಿವಾರ ಸಂಜೆ, ಹಸಿವಾದ ಮೇಲೆ! ಎಲ್ಲವೂ ಶುಚಿ, ಎಲ್ಲವೂ ಹೊತ್ತಿಗೆ ಸರಿಯಾಗಿ. ಆದರೆ 'ಯಾವಾಗ ಬಂದಿ?' ಎಂದು ಕೇಳುವವರಿಲ್ಲ.

ಹಾಸಿಗೆಯ ಮೇಲೆ ಮೆತ್ತನೆಯ ಬಿಳಿಯ ಹೊದಿಕೆಯಿತ್ತು. ಅದರ ಮೇಲೆ ನಾನು ಅವ್ವನ ಕೌದಿಯನ್ನು ಹಾಸಿಕೊಂಡಿದ್ದೆ. ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನು ಜೋಡಿಸಿ, ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಆಕೆ ಹೊಲಿದದ್ದು ಅದು. ಮೂರನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಕೌದಿಯಿಲ್ಲ! ಹಾಸಿಗೆಯ ಬಟ್ಟೆ ಬದಲಿಸುವಾಗ ಒಗೆಯಲು ಒಯ್ದಿದ್ದರು. ಆ ಜೀರ್ಣವಾದ ನೂಲು ಯಂತ್ರದ ಕುದಿನೀರನ್ನು ತಾಳೀತೆ?

ಕೆಳಗೆ ಓಡಿದೆ. ಕಚೇರಿಯ ತರುಣ ಇಂಗ್ಲಿಷಿನಲ್ಲಿ ವಿನಯದಿಂದಲೇ ಹೇಳಿದ: "ನಿಮ್ಮ ಕೋಣೆಯಲ್ಲಿ ಹೊದಿಕೆ ಇದೆಯಲ್ಲ?" ಹೊದಿಕೆ, ಕಂಬಳಿ, ರಗ್ಗು ಎಂದು ನಾನು ಬಳಸಿದ ಇಂಗ್ಲಿಷ್ ಮಾತುಗಳಲ್ಲಿ ಒಂದೂ ಕೌದಿಯಾಗಲಿಲ್ಲ. ಮಾತನ್ನೇ ಕಸುಬಾಗಿಸಿಕೊಂಡ ನಾನು ಮಾತಿಲ್ಲದೆ ನಿಂತೆ. ಕೊನೆಗೆ ಕಾಗದದ ಮೇಲೆ ಚೌಕಗಳನ್ನು ಬರೆದು, ಅವುಗಳ ಸುತ್ತ ಹೊಲಿಗೆಯ ಗೀಟುಗಳನ್ನೆಳೆದೆ.

ಕೋಣೆಗಳನ್ನು ಗುಡಿಸುವ ಹಿರಿಯ ಹೆಂಗಸೊಬ್ಬಳು ಹತ್ತಿರ ಬಂದು ಚಿತ್ರ ನೋಡಿದಳು. "ಯೊರ್ಗಾನ್!" ಎಂದಳು. ಆಕೆ ತುರ್ಕಿಯವಳು; ನನ್ನಂತೆಯೇ ಪರದೇಶಿ. ನೆಲಮಾಳಿಗೆಗೆ ಹೋಗಿ ಕೌದಿಯನ್ನು ಎದೆಗವಚಿಕೊಂಡು ತಂದಳು. ಕೈಹೊಲಿಗೆ ಕಂಡು ಅದನ್ನು ಯಂತ್ರಕ್ಕೆ ಹಾಕದೆ ಬೇರೆ ಇರಿಸಿದ್ದಳಂತೆ. ಬೆರಳುಗಳಿಂದ ಗಾಳಿಯಲ್ಲಿ ಸೂಜಿ ಎಳೆದು ತೋರಿಸಿ, ತನ್ನ ತಾಯಿಯೂ ಹೊಲಿಯುತ್ತಿದ್ದಳೆಂದು ಸನ್ನೆ ಮಾಡಿದಳು. "ಕೌದಿ" ಎಂದೆ ನಾನು. "ಕವ್ದಿ" ಎಂದಳು ಆಕೆ.

ಅಂದು ಸಂಜೆ ನೆಕ್ಕರ್ ದಂಡೆಯಲ್ಲಿ ಕುಳಿತು ಟಿಪ್ಪಣಿ ಪುಸ್ತಕದಲ್ಲಿ ಮೂರು ಶಬ್ದ ಬರೆದುಕೊಂಡೆ: ಜರ್ಮನರ ಡೆಕ್ಕೆ, ತುರ್ಕರ ಯೊರ್ಗಾನ್, ನಮ್ಮ ಕೌದಿ. ಕಿಟೆಲ್ಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ತರಗತಿಯಲ್ಲಿ ಎಷ್ಟೋ ಸಲ ಈ ಸಂಖ್ಯೆಯನ್ನು ಹೇಳಿದ್ದೇನೆ. ಅದರ ಭಾರ ತಿಳಿದದ್ದು ಮಾತ್ರ ಅಂದು. ನಮ್ಮ ನಾಡಿನಲ್ಲಿ ಆ ಪರದೇಶಿಯೂ ಯಾವುದೋ ವಸ್ತುವಿನೆದುರು ಹೀಗೆಯೇ ಮೂಕನಾಗಿ ನಿಂತಿರಬೇಕು. ಯಾರೋ ಒಬ್ಬ ತಾಯಿ ಅದನ್ನು ಕೈಗೆತ್ತಿಕೊಂಡು ಹೆಸರು ಹೇಳಿರಬೇಕು.

ಹೊರಡುವ ಬೆಳಗ್ಗೆ ಕೌದಿಯನ್ನು ಮಡಿಸುತ್ತಿದ್ದೆ. ಆ ಹೆಂಗಸು ಬಾಗಿಲಲ್ಲಿ ನಿಂತು, ಬೆರಳು ತೋರಿಸಿ, "ಕವ್ದಿ, ಮಾಮಾ" ಎಂದಳು. ಕುಬಿಹಾಳದ ಅವ್ವನನ್ನು ವಿಚಾರಿಸಿದವರು ಆ ಊರಿನಲ್ಲಿ ಅವಳೊಬ್ಬಳೇ.