ಕೊನೇ ಬ್ಯಾಚಿನ ಹುಡುಗನಿಗೆ ಎಷ್ಟು ಪಾಯಿಂಟ್?

ಈ ಸಲ ನಮ್ಮ ಕಾಲೇಜಿನ ಖೋ ಖೋ ಲೀಗಿಗೂ ಹರಾಜು ಇಟ್ಟಿದ್ದರು. ಐಪಿಎಲ್ ನೋಡಿಕೊಂಡೇ ಬೆಳೆದ ಜನ ನಾವು, ಬಿಟ್ಟರೆ ಗೋಲಿ ಆಟಕ್ಕೂ ಹರಾಜು ಇಡ್ತೀವಿ. ಆರು ಟೀಮು, ಟೀಮಿಗೆ 100 ಪಾಯಿಂಟು, ಅದರೊಳಗೆ ಹನ್ನೆರಡು ಜನರನ್ನು ಕೊಳ್ಳಬೇಕು. ಮೂಲ ಬೆಲೆ 5. ಸೆಮಿಫೈನಲ್‌ಗೆ ಮುಂಚೆ ಒಂದೇ ಒಂದು ಅದಲುಬದಲು ಮಾಡಿಕೊಳ್ಳಬಹುದು.

ನಾವು ಅಂದ್ರೆ ಒಂದು ಟೀಮು ನಡೆಸ್ತಿರೋ ಸೆಕೆಂಡ್ ಇಯರಿನ ಐದು ಜನ. ಇಬ್ಬರದು ನಂಜನಗೂಡು, ಇಬ್ಬರದು ತಿ. ನರಸೀಪುರ. ಐದನೆಯವನು ಬೆಂಗಳೂರಿನವನು, ಎಕ್ಸೆಲ್ ಶೀಟು ಅವನ ಇಲಾಖೆ. ಐದೂ ಜನ ಇಂಗ್ಲಿಷ್ ಮೀಡಿಯಂ, ಅಂದ್ರೆ ಸಿಮೆಂಟ್ ಅಂಗಳದಲ್ಲಿ ಶಟಲ್ ಆಡಿದವರು. ಖೋ ಖೋ ನಮ್ಮ ಪಾಲಿಗೆ ಪಕ್ಕದ ಸರ್ಕಾರಿ ಶಾಲೆಯ ಕಾಂಪೌಂಡಿನಿಂದ ಕೇಳಿ ಬರ್ತಿದ್ದ ಸದ್ದು. ಹಾಗಾಗಿ ಹರಾಜಿನಲ್ಲಿ ನಾವು ನಂಬಿದ್ದು ಕಣ್ಣನ್ನಲ್ಲ, ಲೆಕ್ಕವನ್ನು. ಕೊನೆಯ ಸುತ್ತಿನಲ್ಲಿ ಯಾರೂ ಕೈ ಎತ್ತದೆ ಉಳಿದ ಒಬ್ಬ ಫಸ್ಟ್ ಇಯರ್ ಹುಡುಗನನ್ನು 5 ಪಾಯಿಂಟಿಗೆ ತಗೊಂಡೆವು. ತಿ. ನರಸೀಪುರ ತಾಲ್ಲೂಕಿನ ಹಳ್ಳಿಯವನು. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕಲ್ಲ. ಫಾಸ್ಟ್ ಇದ್ದಾನೆ ಅಂತ ಮೂರನೇ ಬ್ಯಾಚಿಗೆ ಸೇರಿಸಿದೆವು.

ಲೀಗ್ ಮುಗಿದ ಸೋಮವಾರ ಇನ್ನೊಂದು ಟೀಮಿನ ಕ್ಯಾಪ್ಟನ್ ಬಂದ. ಅವನನ್ನು ಕೊಡಿ, ನಮ್ಮ ಪೋಲ್ ಡೈವರನ್ನು ತಗೊಳ್ಳಿ ಅಂದ. ಆ ಪೋಲ್ ಡೈವರ್ ಹರಾಜಿನಲ್ಲಿ 22 ಪಾಯಿಂಟಿಗೆ ಹೋಗಿದ್ದವನು. 5ಕ್ಕೆ 22! ಚೌಕಾಸಿ ಮಾಡದೆ ಅಂಗಡಿಯವನೇ ಬೆಲೆ ಇಳಿಸಿದರೆ ಹಣ್ಣು ಕೊಳೆತಿದೆ ಅಂತಲೇ ಅನುಮಾನ ಬರೋದು. ಆದರೆ ಇಲ್ಲಿ ಹಣ್ಣು ಇದ್ದದ್ದು ನಮ್ಮ ಬುಟ್ಟಿಯಲ್ಲಿ. ಅವರಿಗೆ ಅದರಲ್ಲಿ ಕಂಡದ್ದೇನು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಲೀಗಿನಲ್ಲಿ ಹಳೇ ನಿಯಮ: ಒಂದು ಟರ್ನ್ 9 ನಿಮಿಷ. ಒಂಬತ್ತು ಜನ ಅಟ್ಟುತ್ತಾರೆ, ಎದುರಾಳಿ ಟೀಮಿನವರು ಮೂರು ಮೂರು ಜನರ ಬ್ಯಾಚಿನಲ್ಲಿ ಓಡುತ್ತಾರೆ. ಮೊದಲ ಮೂವರೂ ಔಟಾದ ಮೇಲೇ ಎರಡನೇ ಬ್ಯಾಚು, ಆಮೇಲೆ ಮೂರನೆಯದು. ನಮ್ಮ ಮೊದಲ ಬ್ಯಾಚು ಮೂರೂವರೆ ನಿಮಿಷ ನಿಲ್ಲುತ್ತೆ, ಎರಡನೆಯದು ಮೂರು. ಮೂರನೇ ಬ್ಯಾಚಿಗೆ ಉಳಿಯೋದು ಎರಡೂವರೆ ನಿಮಿಷ, ಕೆಲವು ದಿನ ಅದೂ ಇಲ್ಲ. ನಮ್ಮ ಬೆಂಗಳೂರಿನವನಿಗೆ ಅಮೆರಿಕದ ಐಸ್ ಹಾಕಿಯ ಹುಚ್ಚು. ಎನ್‌ಎಚ್‌ಎಲ್‌ನಲ್ಲೂ ಹನ್ನೆರಡು ಫಾರ್ವರ್ಡ್‌ಗಳು, ಮೂರು ಮೂರು ಜನರ ನಾಲ್ಕು ಲೈನು, ನಾಲ್ಕನೇ ಲೈನಿನವನು 60 ನಿಮಿಷದಲ್ಲಿ ಹತ್ತು ನಿಮಿಷ ಆಡಿದರೆ ಹೆಚ್ಚು, ಅಲ್ಲೂ ಇದೇ ತಲೆನೋವು ಅಂತ ಹೇಳಿದ. ಕಡಿಮೆ ಆಡೋ ಫಾಸ್ಟ್ ಹುಡುಗನಿಗೆ ಬೆಲೆ ಕಟ್ಟೋದು ಹೇಗೆ?

ನಾಲ್ಕು ಮ್ಯಾಚಿನ ಲೆಕ್ಕ ತೆಗೆದೆವು. ಒಂದರಲ್ಲಿ 65 ಸೆಕೆಂಡ್, ಔಟಾಗಿಲ್ಲ. ಇನ್ನೊಂದರಲ್ಲಿ 48, ಔಟಾಗಿಲ್ಲ. ಒಂದರಲ್ಲಿ 110ಕ್ಕೆ ಔಟ್. ಒಂದರಲ್ಲಿ ಅವನ ಸರದಿಯೇ ಬರಲಿಲ್ಲ. ಒಟ್ಟು 223 ಸೆಕೆಂಡ್. ಮೂರರಿಂದ ಭಾಗಿಸಿದರೆ 74, ಸಾಧಾರಣ ರನ್ನರ್. ಆದರೆ 48 ಅನ್ನೋದು ಅವನ ಓಟದ ಕೊನೆ ಅಲ್ಲ, ಸೀಟಿ ಊದಿದ ಹೊತ್ತು. ಅವನು ಇನ್ನೂ ಎಷ್ಟು ಓಡ್ತಿದ್ದ ಅಂತ ಯಾರಿಗೆ ಗೊತ್ತು? ಬಲ್ಬು ಎಷ್ಟು ಗಂಟೆ ಉರಿಯುತ್ತೆ ಅಂತ ಟೆಸ್ಟ್ ಮಾಡುವಾಗ, ಟೆಸ್ಟ್ ನಿಲ್ಲಿಸಿದಾಗಲೂ ಉರೀತಿದ್ದ ಬಲ್ಬನ್ನು ಸತ್ತ ಬಲ್ಬಿನ ಜೊತೆ ಎಣಿಸಲ್ಲ. ಕ್ರಿಕೆಟ್ಟಿನ ನಾಟೌಟ್ ಲೆಕ್ಕದಂತೆ ಒಟ್ಟು ಸೆಕೆಂಡನ್ನು ಔಟಿನಿಂದ ಭಾಗಿಸಿದರೆ 223! ಎಕ್ಸ್‌ಪೊನೆನ್ಷಿಯಲ್ ಡಿಸ್ಟ್ರಿಬ್ಯೂಷನ್ ಅಂತ ಮ್ಯಾಥ್ಸ್‌ನಲ್ಲಿ ಓದ್ತೀವಲ್ಲ, ಅದೂ ಇದನ್ನೇ ಹೇಳುತ್ತೆ. ಒಂದೇ ಔಟಿನ ಮೇಲೆ ನಿಂತ ಸರಾಸರಿಯನ್ನು ನಂಬೋದೂ ಕಷ್ಟ ಅನ್ನಿ. 74 ಮತ್ತು 223ರ ನಡುವೆ ಎಲ್ಲೋ ಇದ್ದಾನೆ. ಇಷ್ಟು ಹೇಳೋಕೆ ಲ್ಯಾಪ್‌ಟಾಪ್ ಯಾಕೆ ಬೇಕಿತ್ತು ಅಂತ ನಮ್ಮಲ್ಲೇ ಒಬ್ಬ ಕೇಳಿದ.

ಟ್ರೇಡಿಗೆ ಉತ್ತರ ಕೊಡೋಕೆ ಒಂದು ವಾರ ಟೈಮಿತ್ತು. ಆ ಭಾನುವಾರ ನಂಜನಗೂಡಿನಿಂದ ಬಸ್ ಹಿಡಿದು ಅವನ ಊರಿಗೆ ಹೋದೆವು. ನಮ್ಮೂರಲ್ಲಿ ಸ್ನಾನಘಟ್ಟ ಮುಟ್ಟಿ ಹರಿಯೋ ಕಪಿಲೆ ನರಸೀಪುರದಲ್ಲಿ ಕಾವೇರಿ ಸೇರುತ್ತೆ. ನದಿಯ ದಾರಿಯಲ್ಲೇ ಹೋದೆವು ಅಂತ ಬರೆದರೆ ಚೆನ್ನಾಗಿರುತ್ತೆ, ಆದರೆ ನಿಜವಾಗಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳಿಕೊಂಡು ಹೋದೆವು. ಶಾಲೆಯ ಹಿಂದಿನ ಮಣ್ಣಿನ ಮೈದಾನ, ಎರಡು ಕಂಬ, ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಅಟ್ಟೋಕೆ ಕೂತವರಲ್ಲಿ ಹೆಚ್ಚಿನವರು ಹೈಸ್ಕೂಲ್ ಹುಡುಗೀರು. ನಮ್ಮ ಕಾಲೇಜ್ ಲೀಗಿನ ಯಾವ ಟೀಮಿಗಿಂತಲೂ ಚೆನ್ನಾಗಿ ಅಟ್ಟುತ್ತಿದ್ದರು, ಇದನ್ನು ನಮ್ಮ ಸೀನಿಯರ್‌ಗಳು ಓದಲಿ. ಫೋನಿನ ಸ್ಟಾಪ್‌ವಾಚ್ ಹಿಡಿದು ಅವನ ಆರು ಓಟ ಅಳೆದೆವು: 95, 40, 130, 75, 160, 70. ಆರೂ ಸಲ ಔಟಾಗೋವರೆಗೂ ಓಡಿದ್ದಾನೆ, ಸೀಟಿಯ ಗೊಂದಲ ಇಲ್ಲ. ಸರಾಸರಿ 95.

ಫಾಸ್ಟ್ ಅಂದ್ರೆ ಏನು ಅಂತ ಅಲ್ಲಿ ಸರಿಯಾಗಿ ನೋಡಿದೆವು. ಖೋ ಖೋದಲ್ಲಿ ಅಟ್ಟುವವನು ಒಮ್ಮೆ ಹಿಡಿದ ದಿಕ್ಕನ್ನು ಬಿಟ್ಟು ಹಿಂದೆ ತಿರುಗುವಂತಿಲ್ಲ, ಕೂತವರ ನಡುವೆ ನುಗ್ಗುವಂತಿಲ್ಲ. ಓಡುವವನಿಗೆ ಎರಡೂ ಉಂಟು. ಹಾಗಾಗಿ ನೂರು ಮೀಟರ್ ಓಟದ ವೇಗ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಅವನು ಚೇಸರ್ ಕೈ ಚಾಚೋವರೆಗೂ ಹತ್ತಿರ ಬಿಟ್ಟುಕೊಳ್ತಾನೆ, ಆಮೇಲೆ ಒಂದೇ ಹೆಜ್ಜೆಯಲ್ಲಿ ನಿಂತು ಪಕ್ಕಕ್ಕೆ ಜಾರ್ತಾನೆ. ಚೇಸರ್ ತನ್ನ ವೇಗದಲ್ಲೇ ಮುಂದೆ ಹೋಗಿಬಿಡ್ತಾಳೆ. ಒಬ್ಬಳು ಎಂಟನೇ ಕ್ಲಾಸಿನ ಹುಡುಗಿ ನಮ್ಮ ಸ್ಟಾಪ್‌ವಾಚ್ ನೋಡಿ, "ಅಣ್ಣ ಕಂಬದ ಹತ್ರ ಯಾವಾಗ್ಲೂ ಎಡಕ್ಕೇ ಕಟ್ ಮಾಡೋದು" ಅಂದಳು. ನಮ್ಮ ಎಕ್ಸೆಲ್ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಆ ತಾಲ್ಲೂಕಿನಲ್ಲಿ ಇಂಥ ಓಟಕ್ಕೆ ಒಂದು ಹೆಸರಿದೆ. ಕುರುಬೂರಿನ ಬಿ. ಚೈತ್ರಾ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರಲ್ಲ, ಕೊನೇ ಟರ್ನ್‌ನಲ್ಲಿ ಚೈತ್ರಾ ಇದ್ದ ಬ್ಯಾಚು ನಿಂತದ್ದು 5 ನಿಮಿಷ 14 ಸೆಕೆಂಡ್. ಪಂದ್ಯದ ಆಟಗಾರ್ತಿಯೂ ಅವರೇ. ಅದಾದ ಮೇಲೆ ರಾಜ್ಯ ಸರ್ಕಾರ ಅವರಿಗೂ, ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್‌ಗೂ ತಲಾ 5 ಲಕ್ಷ ಘೋಷಿಸಿತು. ಇಬ್ಬರೂ ಬೇಡ ಅಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಘೋಷಿಸಿತ್ತು. ಒಂದೇ ಕಪ್ಪು, ಒಂದೇ ಚಿನ್ನ, ಗಡಿ ದಾಟಿದರೆ ಬೆಲೆ 45 ಪಟ್ಟು.

ಪ್ರೊ ಕಬಡ್ಡಿಯಲ್ಲಿ 2023ರಲ್ಲಿ ಪವನ್ ಸೆಹ್ರಾವತ್‌ಗೆ 2.605 ಕೋಟಿ ಬಂತು. ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ. ಅಲ್ಲಿ ಇಬ್ಬರು ಮಾಲೀಕರು ಹಠಕ್ಕೆ ಬಿದ್ದರೆ ಬೆಲೆ ಏರುತ್ತೆ. 2022ರಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋದಲ್ಲಿ ಹರಾಜೇ ಇರಲಿಲ್ಲ, ದರ್ಜೆ ಕಟ್ಟಿ ಹಂಚಿದರು: ಎ ದರ್ಜೆಗೆ 5 ಲಕ್ಷ, ಡಿ ದರ್ಜೆಗೆ 1 ಲಕ್ಷ. ಆರು ಟೀಮಿನಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಮೇಲಾಗಿ ಅದು ಗಂಡಸರ ಲೀಗು. ಚೈತ್ರಾಗೆ ಕಡಿಮೆ ಬೆಲೆ ಕಟ್ಟೋಕಾದರೂ ಅಲ್ಲಿ ಒಂದು ಅಂಗಡಿ ಇರಲಿಲ್ಲ. ಬೇಡ ಅಂತ ಹೇಳಿದ್ದೇ ಆ ದಿನಗಳಲ್ಲಿ ಅವರ ಓಟಕ್ಕೆ ಸಿಕ್ಕ ಒಂದೇ ಚೌಕಾಸಿ ಅಂತ ನಮಗೆ ಅನ್ನಿಸುತ್ತೆ.

ವಾಪಸ್ ಬರೋ ಬಸ್ಸಿನಲ್ಲಿ ಲೆಕ್ಕ ತಾನಾಗೇ ಸರಿಹೋಯ್ತು. 95 ಸೆಕೆಂಡ್ ನಿಲ್ಲೋ ಹುಡುಗ ನಮ್ಮ ಮೂರನೇ ಬ್ಯಾಚಿನಲ್ಲಿ ಇದ್ದರೆ ಅರ್ಧ ಓಟ ಸೀಟಿಗೆ ಹೋಗುತ್ತೆ. ಆ ಟೀಮಿನ ಮೊದಲ ಬ್ಯಾಚು ಎರಡು ನಿಮಿಷವೂ ನಿಲ್ಲಲ್ಲ. ಅವರು ಇವನನ್ನು ಮೊದಲು ಇಳಿಸ್ತಾರೆ, ಒಂದು ಸೆಕೆಂಡೂ ಪೋಲಾಗಲ್ಲ. ಅವರಿಗೆ ಇವನು 25 ಪಾಯಿಂಟಿನವನು, ನಮಗೆ 10ರವನು, ಎರಡೂ ಸರಿಯೇ. ನಮ್ಮಲ್ಲಿ ಡೈವರ್ ಇಲ್ಲ, ಕಂಬದ ಹತ್ತಿರ ಪ್ರತಿ ಮ್ಯಾಚಿನಲ್ಲೂ ಮೂರು ನಾಲ್ಕು ಜನ ತಪ್ಪಿಸಿಕೊಳ್ತಾರೆ.

ಲೆಕ್ಕದಲ್ಲಿ ಇಲ್ಲದ ವಿಷಯ ಒಂದಿತ್ತು. ಯೂನಿವರ್ಸಿಟಿ ಟೂರ್ನಿಗೆ ಕಾಲೇಜ್ ಟೀಮು ಆರಿಸೋದು ಸೆಮಿಫೈನಲ್ ದಿನ. ಪಿಟಿ ಸರ್ ಮೊದಲ ಬ್ಯಾಚು ನೋಡ್ತಾರೆ, ಮೂರನೇ ಬ್ಯಾಚಿನ ಹೊತ್ತಿಗೆ ಟೀ ಕುಡೀತಿರ್ತಾರೆ. ಅವನ ಮನೆಯಲ್ಲಿ ಖೋ ಖೋ ಅಂದ್ರೆ ಸ್ಪೋರ್ಟ್ಸ್ ಕೋಟಾ, ಕೋಟಾ ಅಂದ್ರೆ ಕೆಲಸ. ಒಂದು ಸರ್ಟಿಫಿಕೇಟ್ ಬಂದರೆ ಊರಲ್ಲಿ ಅವನ ಅಪ್ಪ ಮಗನ ಆಟವನ್ನು ಸಮರ್ಥಿಸಿಕೊಳ್ಳೋದು ಸುಲಭ ಆಗುತ್ತೆ. ಹಾಗಾಗಿ ಅವನನ್ನೇ ಕರೆದು ಕೇಳಿದೆವು. ನಮ್ಮ ಟೀಮಿಗೆ ಅಂಟಿಕೊಂಡಿದ್ದಾನೆ, ಬೇಜಾರಾಗ್ತಾನೆ ಅಂತ ಮೆಲ್ಲಗೆ ಮಾತು ಶುರು ಮಾಡಿದರೆ, ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾವ ಬ್ಯಾಚು?"

ಟ್ರೇಡ್ ಆಯ್ತು. ನೇರ ಅದಲುಬದಲು ಬೇಡ, ಮೊದಲ ಬ್ಯಾಚಿನಲ್ಲಿ ಇಳಿಸ್ತೀವಿ ಅಂತ ಬರೆದು ಕೊಡಿ ಅಂತ ನಾವು ಪಟ್ಟು ಹಿಡಿದೆವು. ಅವರ ಕ್ಯಾಪ್ಟನ್ ನಕ್ಕು ವಾಟ್ಸಾಪಿನಲ್ಲಿ ಬರೆದು ಕಳಿಸಿದ.

ಈ ಶನಿವಾರ ಸೆಮಿಫೈನಲ್ ಅವರ ಮೇಲೇ. ಕಂಬದ ಹತ್ತಿರ ಅವನು ಎಡಕ್ಕೆ ಕಟ್ ಮಾಡ್ತಾನೆ ಅಂತ ನಮ್ಮ ಹೊಸ ಡೈವರ್‌ಗೆ ಹೇಳಿದ್ದೀವಿ. ನಾವು ಹೇಳಿರ್ತೀವಿ ಅಂತ ಅವನಿಗೂ ಗೊತ್ತು. ಬುಧವಾರದಿಂದ ಸಂಜೆ ಒಬ್ಬನೇ ಮೈದಾನದಲ್ಲಿ ಬಲಕ್ಕೆ ಕಟ್ ಮಾಡೋದನ್ನು ಪ್ರಾಕ್ಟೀಸ್ ಮಾಡ್ತಿದ್ದಾನಂತೆ.