ಮನೆಬಸ್ಸಿನಲ್ಲಿ ಆರು ದಿನ

ವಯನಾಡಿನ ಕಲ್ಪೆಟ್ಟದಲ್ಲಿ ಕಾಳುಮೆಣಸು, ಕಾಫಿ ವ್ಯಾಪಾರ ಮಾಡಿಕೊಂಡಿರುವ ನಮಗೆ ಅಂಗಡಿ ಬಿಟ್ಟು ವಾರಗಟ್ಟಲೆ ಹೊರಗಿದ್ದು ಅಭ್ಯಾಸವಿಲ್ಲ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗಲೂ ನಾಲ್ಕನೆಯ ದಿನ ಗಲ್ಲೆಗೆ ಹಿಂತಿರುಗಿದವರು ನಾವು. ಅಂಥ ನಾವು ಗಂಡಹೆಂಡಿರು 2023ರ ಜೂನ್ ತಿಂಗಳಲ್ಲಿ ಅಮೇರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗನ ಮನೆಗೆ ಹೋಗಿ, ಅಲ್ಲಿಂದ ಆರು ದಿನ ಚಕ್ರದ ಮೇಲಿನ ಮನೆಯಲ್ಲಿ ಸಂಸಾರ ಮಾಡಿ ಬಂದೆವೆಂದರೆ ನಮ್ಮ ಬಂಧುಗಳು ಈಗಲೂ ನಂಬುವುದಿಲ್ಲ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದು ಮಗ ಹೇಳಿದಾಗ ನಾವು ಕೇಳಿದ ಮೊದಲ ಪ್ರಶ್ನೆ, "ಊಟಕ್ಕೆ ಏನು ಮಾಡುವುದು?" ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಇಲ್ಲ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಸೋಸದ ನೀರು ಕುಡಿಯುವುದಿಲ್ಲ. ನಮ್ಮ ನೇಮದಿಂದ ಮಕ್ಕಳ ರಜೆ ಹಾಳಾಗುವುದು ಬೇಡವೆಂದು "ನೀವು ಹೋಗಿ ಬನ್ನಿ, ನಾವು ಮನೆ ನೋಡಿಕೊಳ್ಳುತ್ತೇವೆ" ಎಂದೆವು. ಸೊಸೆ ಒಪ್ಪಲಿಲ್ಲ. "ಅತ್ತೆ, ಅಡುಗೆಮನೆಯನ್ನೇ ಜೊತೆಗೆ ಕರೆದುಕೊಂಡು ಹೋಗೋಣ" ಎಂದಳು.

ಮನಸ್ಸಿನಲ್ಲಿ ನಮಗೆ ಇನ್ನೊಂದು ಲೆಕ್ಕವೂ ಇತ್ತು. ಮೊಮ್ಮಗಳಿಗೆ ಎಂಟು ವರ್ಷ, ಮೊಮ್ಮಗನಿಗೆ ಐದು. ಇಬ್ಬರನ್ನೂ ನಾವು ಹೆಚ್ಚಾಗಿ ಫೋನಿನ ಗಾಜಿನಲ್ಲಿ ನೋಡಿದವರೇ. ಒಂದೇ ಸೂರಿನಡಿ ಆರು ದಿನ ಸಿಗುವಾಗ ನಮ್ಮ ಮನೆತನದ ನಾಲ್ಕು ಒಳ್ಳೆಯ ರೀತಿಗಳನ್ನು ಮಕ್ಕಳಿಗೆ ಕಲಿಸಿಬಿಡಬೇಕೆಂದು ನಿಶ್ಚಯಿಸಿಕೊಂಡಿದ್ದೆವು. ಕಲಿತವರು ಯಾರೆಂಬುದನ್ನು ಮುಂದೆ ಹೇಳುತ್ತೇವೆ.

ಮಗ ಬಾಡಿಗೆಗೆ ತಂದ ಗಾಡಿಗೆ ಅಲ್ಲಿಯವರು ಆರ್.ವಿ. ಎನ್ನುತ್ತಾರೆ. ನಮ್ಮ ಮೊಮ್ಮಗ ಅದಕ್ಕೆ 'ಮನೆಬಸ್ಸು' ಎಂದು ಹೆಸರಿಟ್ಟ. ಸುಮಾರು ಮೂವತ್ತು ಅಡಿ ಉದ್ದ. ಒಳಗೆ ಗ್ಯಾಸ್ ಒಲೆ, ಫ್ರಿಜ್, ನಲ್ಲಿ, ಬಚ್ಚಲು, ಆರು ಜನರಿಗೆ ಮಲಗುವ ಜಾಗ. ಊಟದ ಮೇಜನ್ನು ಮಡಿಸಿದರೆ ಅದೇ ಮಂಚ. ಡ್ರೈವರ್ ಸೀಟಿನ ಮೇಲಿನ ಅಟ್ಟವನ್ನು ಮಕ್ಕಳು ಮೊದಲ ದಿನವೇ ಹಿಡಿದುಕೊಂಡರು. ನೆಲದ ಕೆಳಗೆ ಮೂರು ತೊಟ್ಟಿಗಳು: ಒಳ್ಳೆಯ ನೀರಿಗೊಂದು, ಪಾತ್ರೆ ತೊಳೆದು ಸ್ನಾನ ಮಾಡಿದ ನೀರಿಗೊಂದು, ಪಾಯಖಾನೆಗೊಂದು. ಯಾವುದು ಎಷ್ಟು ತುಂಬಿದೆ ಎಂದು ಗೋಡೆಯ ಮೇಲೆ ದೀಪ ತೋರಿಸುತ್ತದೆ. ದಾಸ್ತಾನು ನೋಡಿ ಬದುಕಿದ ನಮಗೆ ಅದು ಬಹಳ ಹಿಡಿಸಿತು. ನಲ್ಲಿ ತಿರುಗಿಸಿದರೆ ಬರುವ ನೀರಿಗೂ ಒಂದು ಕೊನೆ ಇದೆಯೆಂದು ಮಕ್ಕಳು ಎರಡನೆಯ ದಿನಕ್ಕೇ ಅರಿತುಕೊಂಡರು. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು ಎಂದು ಮತ್ತೆ ಹೇಳಬೇಕಾಗಲಿಲ್ಲ.

ಹೋಗುವವರಿಗೆ ಉಪಯೋಗವಾಗಲೆಂದು ಅಡುಗೆಯ ಸಂಗತಿ ಬರೆಯುತ್ತಿದ್ದೇವೆ. ಅಕ್ಕಿ, ಬೇಳೆ, ಗೋಧಿ ಹಿಟ್ಟು ಅಲ್ಲಿಯ ಭಾರತೀಯ ಅಂಗಡಿಯಲ್ಲೇ ಸಿಕ್ಕವು. ಸಾರಿನ ಪುಡಿ, ಹಪ್ಪಳ, ಎರಡು ಪದರದ ಸೋಸುಬಟ್ಟೆ ನಮ್ಮದು. ಯೆಲ್ಲೋಸ್ಟೋನ್ ಸರೋವರ ಸಮುದ್ರಮಟ್ಟದಿಂದ 7,700 ಅಡಿಗೂ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅದರ ಕಾವು ಕಡಿಮೆಯಾದ್ದರಿಂದ ಬೇಳೆ ಬೇಯುವುದಿಲ್ಲ. ಆದುದರಿಂದ ಕುಕ್ಕರ್ ಇಲ್ಲದೆ ಹೋಗಬೇಡಿ. ಜೂನ್ ತಿಂಗಳಾದರೂ ರಾತ್ರಿ ಮೈ ಕೊರೆಯುವ ಚಳಿ. ಪಕ್ಕದ ಗಾಡಿಯವರು ಪ್ರೀತಿಯಿಂದ ಮಕ್ಕಳಿಗೆ ಮಾರ್ಷ್‌ಮ್ಯಾಲೋ ಎಂಬ ಬಿಳಿ ಮಿಠಾಯಿ ಕೊಡಲು ಬರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರುತ್ತದೆ. ಇದನ್ನು ನಮಗೆ ಹೇಳಿದವಳು ಮೊಮ್ಮಗಳೇ. ಇನ್ನು ಸೂರ್ಯಾಸ್ತದ ಚಿಂತೆಯಂತೂ ಇರಲಿಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ!

ಸಾಲ್ಟ್ ಲೇಕ್ ಸಿಟಿಯಿಂದ ಉದ್ಯಾನದ ಪಶ್ಚಿಮದ ಬಾಗಿಲಿಗೆ ಸುಮಾರು 320 ಮೈಲಿ. 1872ರಲ್ಲಿ ಸ್ಥಾಪನೆಯಾದ ಈ ಕಾಡು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರು ಪಡೆದಿದೆ. ಸುಮಾರು 9,000 ಚದರ ಕಿಲೋಮೀಟರ್ ವಿಸ್ತಾರ. ನಮ್ಮ ಇಡೀ ವಯನಾಡು ಜಿಲ್ಲೆಯಂಥವು ನಾಲ್ಕು ಅದರೊಳಗೆ ಹಿಡಿಸುತ್ತವೆ. ಬಿಸಿನೀರಿನ ಬುಗ್ಗೆ, ಕುದಿಯುವ ಕೆಸರು, ಹಬೆಯ ಬಿಲಗಳು ಸೇರಿ ಹತ್ತು ಸಾವಿರಕ್ಕೂ ಹೆಚ್ಚು. 'ಓಲ್ಡ್ ಫೇತ್‌ಫುಲ್' ಎಂಬ ಚಿಲುಮೆ ಸರಿಸುಮಾರು ಒಂದೂವರೆ ತಾಸಿಗೊಮ್ಮೆ ನೂರಡಿಗೂ ಎತ್ತರಕ್ಕೆ ಚಿಮ್ಮುತ್ತದೆ. ಅದು ಚಿಮ್ಮಿದಾಗ ಮೊಮ್ಮಗ, "ಅಜ್ಜಾ, ನೆಲದ ಕುಕ್ಕರ್ ಕೂಗಿತು!" ಎಂದ. ನಾವು ಅದಕ್ಕಿಂತ ಚೆನ್ನಾಗಿ ವರ್ಣಿಸಲಾರೆವು. ಬುಗ್ಗೆಗಳ ಸುತ್ತ ಹಲಗೆಯ ಕಾಲುದಾರಿಯಿದೆ. ಅದನ್ನು ಬಿಟ್ಟು ಇಳಿದರೆ ತೆಳುವಾದ ನೆಲ ಕುಸಿದು ಕುದಿಯುವ ನೀರಿಗೆ ಬೀಳಬಹುದು. ಹಾಗೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಮೊಮ್ಮಗನ ಕೈಯನ್ನು ನಾವಿಬ್ಬರೂ ಸರದಿಯಂತೆ ಹಿಡಿದೇ ನಡೆದೆವು.

ಮೊಮ್ಮಗಳ ಕೈಯಲ್ಲಿ ಒಂದು ಪುಸ್ತಕವಿತ್ತು. ಮಕ್ಕಳು ಅದರಲ್ಲಿಯ ಪಾಠಗಳನ್ನು ಮುಗಿಸಿ, ಕಾಡಿನ ನಿಯಮ ಪಾಲಿಸುತ್ತೇವೆಂದು ಪ್ರತಿಜ್ಞೆ ಮಾಡಿದರೆ 'ಜೂನಿಯರ್ ರೇಂಜರ್' ಎಂಬ ಬಿಲ್ಲೆ ಕೊಡುತ್ತಾರೆ. ಕಾಡುಕೋಣವನ್ನು ಹೋಲುವ ಬೈಸನ್‌ನಿಂದ 25 ಗಜ, ಕರಡಿ ಮತ್ತು ತೋಳದಿಂದ 100 ಗಜ ದೂರವಿರಬೇಕೆಂದು ಅವಳು ನಮಗೆ ಬಾಯಿಪಾಠ ಮಾಡಿಸಿದಳು. "25 ಗಜ ಅಂದರೆ ಎರಡೂವರೆ ಮನೆಬಸ್ಸು" ಎಂದು ಲೆಕ್ಕವನ್ನೂ ಹೇಳಿದಳು. ವ್ಯಾಪಾರಸ್ಥರ ಮನೆಯ ಮಗು ಎಂದು ನಾವು ಹಿಗ್ಗಿದೆವು.

ನಾವು ಬಿಡಾರ ಹೂಡಿದ ಜಾಗದ ಹೆಸರು ಫಿಶಿಂಗ್ ಬ್ರಿಜ್, ಎಂದರೆ ಮೀನು ಹಿಡಿಯುವ ಸೇತುವೆ. ಹೆಸರು ಕೇಳಿಯೇ ನಮಗೆ ಕಸಿವಿಸಿ. ಹೋಗಿ ನೋಡಿದರೆ ಅಲ್ಲಿ ಮೀನು ಹಿಡಿಯುವಂತೆಯೇ ಇಲ್ಲ! ಒಂದು ಕಾಲದಲ್ಲಿ ಜನ ಹೆಗಲಿಗೆ ಹೆಗಲು ತಾಗಿಸಿ ಗಾಳ ಹಾಕುತ್ತಿದ್ದರಂತೆ. ಮೀನು ಮೊಟ್ಟೆಯಿಡುವ ಜಾಗವದು, ಸಂಖ್ಯೆ ಕುಗ್ಗುತ್ತಿದೆ ಎಂದು 1973ರಲ್ಲಿ ಸೇತುವೆಯ ಮೇಲೆ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಈಗ ಜನ ಅದೇ ಕಟಾಂಜನಕ್ಕೆ ಒರಗಿ ನೀರಿನಲ್ಲಿ ಮೀನು ಆಡುವುದನ್ನು ನೋಡಿ ಹೋಗುತ್ತಾರೆ. ಆ ಸಂಜೆ ನಾವೂ ನೋಡಿದೆವು. ಮನಸ್ಸಿಗೆ ಹಿತವಾಯಿತು.

ಮರುದಿನ ನಡೆದದ್ದು ಬರೆಯಲು ಸಂಕೋಚವಾಗುತ್ತದೆ. ಆದರೂ ಅದಕ್ಕಾಗಿಯೇ ಈ ಲೇಖನ.

ಊರಿನಲ್ಲಿ ಅಂಗಡಿ ಬಾಗಿಲು ತೆರೆಯುವ ಮೊದಲು ಅಂಗಳದ ಹಕ್ಕಿಗಳಿಗೆ ಒಂದು ಹಿಡಿ ಅಕ್ಕಿ ಎರಚುವುದು ನಮ್ಮ ಹಿರಿಯರ ಕಾಲದಿಂದ ಬಂದ ರೂಢಿ. ಸರೋವರದ ದಂಡೆಯಲ್ಲಿ ಬೆಳಗಿನ ತಿಂಡಿಗೆ ಕುಳಿತಿದ್ದೆವು. ನೆಲದ ಬಿಲದಿಂದ ಒಂದು ಪುಟ್ಟ ಅಳಿಲು ಬಂದು, ಹಿಂಗಾಲ ಮೇಲೆ ನಿಂತು, ಮುಂಗಾಲು ಜೋಡಿಸಿ ನಮ್ಮನ್ನೇ ನೋಡಿತು. ನಮಗೆ ಅದು ಕೈಮುಗಿದಂತೆ ಕಂಡಿತು. ಚೀಲದಿಂದ ಅಕ್ಕಿ ತೆಗೆದು ಎರಚಿದೆವು. ಮೊಮ್ಮಗನ ಕೈಗೂ ಚಪಾತಿ ಚೂರು ಕೊಟ್ಟೆವು. ಇನ್ನೂ ನಾಲ್ಕು ಅಳಿಲುಗಳು ಬಂದವು.

"ಅಜ್ಜಿ, ಬೇಡ. ಹಾಕಬಾರದು. ಪುಸ್ತಕದಲ್ಲಿದೆ" ಎಂದಳು ಮೊಮ್ಮಗಳು.

"ಹಸಿದ ಜೀವಕ್ಕೆ ಕೊಟ್ಟರೆ ಯಾವ ಪುಸ್ತಕವೂ ಬೇಡವೆನ್ನುವುದಿಲ್ಲ. ಪುಣ್ಯದ ಕೆಲಸಕ್ಕೆ ಅಡ್ಡ ಬರಬೇಡ" ಎಂದು ನಾವು ಗದರಿದೆವು. ಅವಳು ಮತ್ತೆ ಬಾಯಿ ಬಿಡಲಿಲ್ಲ. ಎದ್ದು ಹೋಗಿ ಗಾಡಿಯೊಳಗೆ ಕುಳಿತಳು.

ಐದು ನಿಮಿಷವೂ ಆಗಿರಲಿಲ್ಲ, ಅಗಲ ಟೋಪಿಯ ಒಬ್ಬ ರೇಂಜರ್ ಬಂದರು. ನಮ್ಮ ಸೊಸೆಯ ವಯಸ್ಸಿನ ಹೆಣ್ಣುಮಗಳು. ದನಿ ಏರಿಸಲಿಲ್ಲ. ಇದು ಕಾನೂನಿಗೆ ವಿರುದ್ಧವೆಂದು ಹೇಳಿ, ಎರಚಿದ್ದನ್ನೆಲ್ಲ ಹೆಕ್ಕಿ ತೆಗೆಯಿರಿ ಎಂದರು. ದಂಡ ಹಾಕಲಿಲ್ಲ, ಹಾಕಬಹುದಿತ್ತು. ಅರವತ್ತು ದಾಟಿದ ನಾವಿಬ್ಬರೂ ಮೊಣಕಾಲೂರಿ ಹುಲ್ಲಿನಿಂದ ಒಂದೊಂದೇ ಅಕ್ಕಿಕಾಳು ಹೆಕ್ಕಿದೆವು. ಸ್ವಲ್ಪ ಹೊತ್ತಿನಲ್ಲಿ ಪಕ್ಕದಲ್ಲಿ ಎರಡು ಪುಟ್ಟ ಕೈಗಳು ಬಂದವು. ಮೊಮ್ಮಗಳು ಗಾಡಿಯಿಂದ ಇಳಿದು ಬಂದು ನಮ್ಮೊಡನೆ ಹೆಕ್ಕುತ್ತಿದ್ದಳು. ನಾಚಿಕೆ ಹೆಚ್ಚಾದದ್ದು ಆಗ.

ಕಾಳು ಹೆಕ್ಕುವಾಗ ರೇಂಜರ್ ಹೇಳಿದ್ದನ್ನು ಮಗ ಕನ್ನಡದಲ್ಲಿ ತಿಳಿಸಿದ. ವರ್ಷದ ಹೆಚ್ಚಿನ ತಿಂಗಳು ಬಿಲದಲ್ಲಿ ನಿದ್ರಿಸುವ ಈ ಪ್ರಾಣಿ ಅದಕ್ಕೆ ಬೇಕಾದ ಕೊಬ್ಬನ್ನು ಬೇಸಿಗೆಯಲ್ಲಿ ತನ್ನ ಆಹಾರದಿಂದಲೇ ಕೂಡಿಸಿಕೊಳ್ಳಬೇಕು. ಮನುಷ್ಯರ ರುಚಿ ಹತ್ತಿದರೆ ರಸ್ತೆಗೆ ಬರುತ್ತದೆ, ಚಕ್ರಕ್ಕೆ ಸಿಗುತ್ತದೆ. ಅದಕ್ಕಿಂತ ದೊಡ್ಡ ಕಥೆ ಕರಡಿಗಳದು. ಹಿಂದೆ ಹೋಟೆಲಿನ ಎಂಜಲನ್ನು ಬಯಲಿನಲ್ಲಿ ಸುರಿದು, ಕರಡಿ ಬಂದು ತಿನ್ನುವುದನ್ನು ನೋಡಲು ಜನರಿಗೆ ಆಸನ ಹಾಕುತ್ತಿದ್ದರಂತೆ. ರಸ್ತೆಬದಿಯಲ್ಲಿ ಕೈಯಿಂದಲೇ ತಿನ್ನಿಸುತ್ತಿದ್ದರಂತೆ. 1970ರ ಹೊತ್ತಿಗೆ ಎಲ್ಲವನ್ನೂ ನಿಲ್ಲಿಸಿದಾಗ, ಮನುಷ್ಯರ ಭಯ ಕಳೆದುಕೊಂಡಿದ್ದ ಕರಡಿಗಳು ಬಿಡಾರಗಳಿಗೆ ನುಗ್ಗಿದವು. ಅಂಥವನ್ನು ಅನೇಕ ಸಲ ಕೊಲ್ಲಬೇಕಾಯಿತು.

ನಾವು ಹೋಗುವುದಕ್ಕೆ ಕೆಲವೇ ವಾರಗಳ ಹಿಂದೆ, 2023ರ ಮೇ 20ರಂದು, ಲಮಾರ್ ಕಣಿವೆಯಲ್ಲಿ ಹುಟ್ಟಿ ಹೆಚ್ಚು ದಿನವಾಗದ ಬೈಸನ್ ಕರುವೊಂದು ಹೊಳೆ ದಾಟುವಾಗ ತಾಯಿಯಿಂದ ಹಿಂದುಳಿಯಿತು. ಒಬ್ಬ ಪ್ರವಾಸಿ ಅದನ್ನು ನೀರಿನಿಂದ ದಡಕ್ಕೆ ತಳ್ಳಿದ. ಮುಂದೆ ಹಿಂಡು ಆ ಕರುವನ್ನು ಸೇರಿಸಿಕೊಳ್ಳಲಿಲ್ಲ. ರೇಂಜರುಗಳು ಮತ್ತೆ ಮತ್ತೆ ಯತ್ನಿಸಿದರೂ ಆಗಲಿಲ್ಲ. ಕರು ಮನುಷ್ಯರ, ಕಾರುಗಳ ಹಿಂದೆ ಅಲೆಯತೊಡಗಿತು. ಕೊನೆಗೆ ಅದಕ್ಕೆ ದಯಾಮರಣ ಕೊಟ್ಟರು. ಆ ಮನುಷ್ಯನಿಗೆ ನ್ಯಾಯಾಲಯದಲ್ಲಿ ದಂಡವಾಯಿತು.

ಕರುವಿನ ಕಥೆ ಕೇಳಿ ನಮಗೆ ಮಾತೇ ಹೊರಡಲಿಲ್ಲ. ಆ ಹೊಳೆಯ ದಡದಲ್ಲಿ ನಾವಿದ್ದರೂ ಹಾಗೆಯೇ ಮಾಡುತ್ತಿದ್ದೆವಲ್ಲ!

ಆ ಸಂಜೆ ಮೊಮ್ಮಗಳು ಕೇಳಿದಳು: "ಅಜ್ಜಾ, ನಿಮ್ಮ ಅಂಗಡಿಯ ಗೋಡೆಯ ಚಿತ್ರದಲ್ಲಿ ಸಿಂಹ, ಹಸು ಒಂದೇ ಪಾತ್ರೆಯಲ್ಲಿ ನೀರು ಕುಡಿಯುತ್ತವಲ್ಲ, ಅವಕ್ಕೆ ಭಯ ಇಲ್ಲವಾ?" ಫೋನಿನಲ್ಲಿ ಮಾತಾಡುವಾಗ ನಮ್ಮ ಬೆನ್ನ ಹಿಂದಿನ ಆ ಚಿತ್ರವನ್ನು ಅವಳು ಗಮನಿಸಿದ್ದು ನಮಗೆ ಗೊತ್ತೇ ಇರಲಿಲ್ಲ. ಭಗವಂತರ ಸನ್ನಿಧಿಯಲ್ಲಿ ಯಾವ ಜೀವಕ್ಕೂ ಭಯವಿಲ್ಲ ಎಂದು ಹೇಳಿದೆವು. ಅವಳು ಯೋಚಿಸಿ, "ನಾವು ಭಗವಂತರಲ್ಲವಲ್ಲ. ನಮ್ಮ ಹತ್ತಿರ ಅವು ಹೆದರಿಕೊಂಡೇ ಇರಲಿ" ಎಂದಳು.

ಆಹಾರದಾನ, ಅಭಯದಾನ ಎಂದು ದಾನಗಳನ್ನು ನಾವು ಬಾಲ್ಯದಿಂದ ಎಣಿಸುತ್ತ ಬಂದವರು. ಒಂದು ಕೈಯ ಆಹಾರ ಇನ್ನೊಂದು ಕೈಯ ಅಭಯವನ್ನು ಕಸಿಯಬಹುದೆಂದು ಅರವತ್ತು ವರ್ಷ ಹೊಳೆದಿರಲಿಲ್ಲ. ಪರ್ಯೂಷಣದ ಕೊನೆಯಲ್ಲಿ ಊರವರಿಗೆಲ್ಲ ಕೈಮುಗಿದು ಕ್ಷಮೆ ಕೇಳುವ ನಾವು ಆ ದಿನ ಗದರಿದ ಮಗುವಿಗೆ ಕ್ಷಮೆ ಕೇಳದೆ ಮಲಗುವುದು ಸರಿಯೆನಿಸಲಿಲ್ಲ. ಕೇಳಿದೆವು. ಅವಳು ನಾಚಿ, ಅಟ್ಟದ ಪರದೆ ಎಳೆದುಕೊಂಡಳು.

ಐದನೆಯ ದಿನ ಹೇಡನ್ ಕಣಿವೆಯಲ್ಲಿ ಬೈಸನ್ ಹಿಂಡು ರಸ್ತೆಗೆ ಇಳಿಯಿತು. 1902ರ ಹೊತ್ತಿಗೆ ಬೇಟೆಗಾರರ ಕೈಗೆ ಸಿಕ್ಕಿ ಈ ಕಾಡಿನಲ್ಲಿ ಉಳಿದಿದ್ದವು ಸುಮಾರು ಎರಡು ಡಜನ್ ಮಾತ್ರ. ಈಗ ಸಾವಿರಗಟ್ಟಲೆ ಇವೆ. ಹಿಂದೆ ಮುಂದೆ ನೂರಾರು ವಾಹನಗಳು, ಯಾರೂ ಹಾರ್ನ್ ಮಾಡಲಿಲ್ಲ. ಏಳೂವರೆಯಾಯಿತು, ಎಂಟಾಯಿತು. ಸೂರ್ಯ ಗುಡ್ಡದ ಕಡೆಗೆ ಇಳಿಯುತ್ತಿದ್ದ. ಮಗ ಎಂಜಿನ್ ನಿಲ್ಲಿಸಿ ನಮ್ಮ ಮುಖ ನೋಡಿದ. ಅನ್ನ, ಸಾರು ಮಧ್ಯಾಹ್ನವೇ ಮಾಡಿದ್ದು ಇತ್ತು. ರಸ್ತೆಯ ನಡುವೆಯೇ ಆರು ತಟ್ಟೆ ಹಾಕಿ ಬಡಿಸಿದೆವು. ಕಿಟಕಿಯ ಆಚೆ ತಾಯಿಯ ಹೊಟ್ಟೆಗೆ ಅಂಟಿಕೊಂಡು ಕೆಂಪು ಕರುವೊಂದು ಹೋಯಿತು. ಮೊಮ್ಮಗ ತುತ್ತು ಹಿಡಿದ ಕೈಯನ್ನು ಕಿಟಕಿಯತ್ತ ಚಾಚಿ, ನಮ್ಮ ಮುಖ ನೋಡಿ, ತಾನೇ ತಿಂದ. ಆ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಊರಿಗೆ ಹಿಂತಿರುಗುವಾಗ ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆಯ ದಾರಿಯಾಗಿ ಬಂದೆವು. ಬಂಡೀಪುರದ ಕಾಡುದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡುವುದಿಲ್ಲ. ನಮ್ಮ ವ್ಯಾಪಾರಸ್ಥರೆಲ್ಲ, ನಾವೂ ಸೇರಿ, ಅದನ್ನು ಎಷ್ಟು ಬೈದಿಲ್ಲ! ಗುಂಡ್ಲುಪೇಟೆಯಲ್ಲಿ ಡ್ರೈವರ್ ಕೇಳದೆಯೇ ಗಾಡಿ ನಿಲ್ಲಿಸಿ, ಎಂದಿನಂತೆ ಎರಡು ಡಜನ್ ಬಾಳೆಹಣ್ಣು ತಂದ. ಕಾಡಿನ ಕೋತಿಗಳಿಗೆ ಹಾಕುವುದು ನಮ್ಮ ಬಹುಕಾಲದ ಪದ್ಧತಿ. ಆಹಾರ ಹಾಕಬೇಡಿ ಎಂಬ ಫಲಕವನ್ನು ಪ್ರತಿ ಸಲವೂ ಓದಿದ್ದೇವೆ. ಅದು ಕೀಟಲೆ ಮಾಡುವವರಿಗೆ, ನಮಗಲ್ಲ ಎಂದುಕೊಂಡಿದ್ದೆವು. ಅದೇ ದಾರಿಯಲ್ಲಿ ಚಕ್ರಕ್ಕೆ ಸಿಕ್ಕ ಕೋತಿಮರಿಗಳನ್ನೂ ನೋಡಿ ಮರುಗಿದ್ದೇವೆ. ಅವು ರಸ್ತೆಗೆ ಏಕೆ ಬಂದವೆಂದು ಕೇಳಿಕೊಂಡಿರಲಿಲ್ಲ.

ಆ ದಿನ ಗಾಡಿ ನಿಲ್ಲಿಸಲಿಲ್ಲ. ಬಾಳೆಹಣ್ಣು ಕಲ್ಪೆಟ್ಟದವರೆಗೆ ಬಂದು ಪಕ್ಕದ ಮನೆಯ ಹಸುವಿನ ಹೊಟ್ಟೆ ಸೇರಿತು.

ಅಂಗಳದ ಹಕ್ಕಿಗಳ ಮಾತೇನು? ಅಕ್ಕಿ ಎರಚುವುದನ್ನು ನಿಲ್ಲಿಸಬೇಕೆ ಎಂದು ಫೋನಿನಲ್ಲಿ ಮೊಮ್ಮಗಳನ್ನೇ ಕೇಳಿದೆವು. ಅವಳು ಬಹಳ ಹೊತ್ತು ಯೋಚಿಸಿ, "ಅದು ಪುಸ್ತಕದಲ್ಲಿಲ್ಲ. ರೇಂಜರನ್ನು ಕೇಳಿ ಹೇಳುತ್ತೇನೆ" ಎಂದಳು. ಉತ್ತರ ಬರುವವರೆಗೆ ನೀರಿನ ಬಟ್ಟಲು ಮಾತ್ರ ಇಡುತ್ತಿದ್ದೇವೆ.